ಪುಟ್ಟ ಮಗುವಿನ ಕರುಳಿಗೆ ವಿಷದ ಕಣ ಸೇರದಂತೆ ನೋಡಿಕೊಳ್ಳುವುದು ಹೇಗೆ?

ಕರುಳಿನ ಬ್ಯಾಕ್ಟೀರಿಯಾ ಬಳಗ ನೆಲೆಯೂರುವುದು ಮೊದಲ 2-3 ವರ್ಷದಲ್ಲಿ. ಮಿದುಳು ಭರದಿಂದ ಬೆಳೆಯುವುದೂ ಆಗಲೇ. ಬಿಪಿಎ (ಕೆಲವು ಪ್ಲಾಸ್ಟಿಕ್‌ಗಳಲ್ಲಿರುವ ರಾಸಾಯನಿಕ) ಸೋಕಿದ ಇಲಿಮರಿಗಳಲ್ಲಿ ಈ ಬಳಗ ಏರುಪೇರಾಗಿದೆ, ಅಂಜುಬುರುಕತನವೂ ಕಂಡಿದೆ. ಮಕ್ಕಳಲ್ಲೂ ಹೀಗೇ ಅಂತ ಸಾಬೀತಾಗಿಲ್ಲ, ಸುಮ್ನೆ ಗಾಬರಿ ಬೇಡ.

ಮೊದಲು ಹಾಲಿನ ಬಾಟಲಿ ನೋಡಿ. ಪ್ಲಾಸ್ಟಿಕ್ ಬಾಟಲಿಗೆ ಬಿಸಿನೀರು ಹಾಕಿ ಕುಲುಕಿದರೆ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಚೂರುಗಳು ಜಾಸ್ತಿ ಉದುರುತ್ತವೆ, ಹಾಗಾಗಿ ಹಾಲಿನ ಪುಡಿಯನ್ನು ಕುದಿನೀರಲ್ಲಿ ತೊಳೆದ ಗಾಜಿನ ಅಥವಾ ಸ್ಟೀಲ್ ಪಾತ್ರೆಯಲ್ಲಿ ಕಲಸಿ, ಆರಿದ ಮೇಲೆ ಬಾಟಲಿಗೆ ಸುರಿಯಿರಿ. ಅಂಬೆಗಾಲಿಡುವ ಮಗು ನೆಲ ಮುಟ್ಟಿದ ಕೈಯನ್ನು ನೇರ ಬಾಯಿಗೇ ಇಡುತ್ತದೆ ಅಲ್ವಾ? ಹಾಗಾಗಿ ನೆಲದ ದೂಳು ತೆಗೆಯಲು ಒಣ ಪೊರಕೆಗಿಂತ ಒದ್ದೆ ಬಟ್ಟೆ ಮೇಲು. ಗೋಡೆಯ ಹಳೆ ಬಣ್ಣ ಉದುರುತ್ತಿದ್ದರೆ ಅದರಲ್ಲಿ ಸೀಸ ಇರಬಹುದು, ನೀವೇ ಕೆರೆಯಲು ಹೋಗಬೇಡಿ. ಮನೆಯೊಳಗೆ ಸಿಗರೇಟಂತೂ ಬೇಡವೇ ಬೇಡ.