ಶ್ವಾಸಕೋಶದ ಸೆಲ್ಸ್‌ಗೆ ಪಾಮಿಟಿಕ್ ಆಸಿಡ್ ಕೊಡೋದು ಹೆಂಗೆ (ಡಿಸರ್ಟೇಶನ್ ಮಾಡೋರಿಗೆ)

ಶಿರಸಿ ಕಡೆ ಡಿಸೆಂಬರ್ ಬೆಳಿಗ್ಗೆ ಬಚ್ಚಲ ಕಿಟಕಿ ಮೇಲಿಟ್ಟ ತೆಂಗಿನೆಣ್ಣೆ ಬಾಟ್ಲಿ ಬೆಳ್ಳಗೆ ಗಟ್ಟಿಯಾಗಿರ್ತದಲ್ಲ, ಅದು ಕರಗೋದು 24 ಡಿಗ್ರಿ ಆಸುಪಾಸಿಗೆ, ಪಾಮಿಟಿಕ್ ಆಸಿಡ್ (ಕೊಬ್ಬಿನಲ್ಲಿರೋ ಒಂದು ಫ್ಯಾಟಿ ಆಸಿಡ್) ಕರಗೋಕೆ 63 ಬೇಕು. ಹಂಗೇ ಮೀಡಿಯಾಗೆ (ಸೆಲ್ಸ್ ಬೆಳೆಸೋ ದ್ರವಕ್ಕೆ) ಹಾಕಿದ್ರೆ ಹರಳಾಗಿ ಸೆಲ್ಸ್ ಮೇಲೆ ಕೂತ್ಕೊಳ್ತದೆ, ಸೆಲ್ಸ್ ಸತ್ರೆ ಆಸಿಡ್ ಕೆಲ್ಸಕ್ಕೋ ಹರಳಿಗೋ ಹೇಳೋಕಾಗಲ್ಲ. ರಕ್ತದಲ್ಲಿ ಇದನ್ನ ಹೊತ್ತು ತಿರುಗೋದು ಆಲ್ಬುಮಿನ್ ಅನ್ನೋ ಪ್ರೋಟೀನ್, ಅದಕ್ಕೇ ನಾವೂ ಬಿಎಸ್‌ಎಗೆ (ದನದ ರಕ್ತದ ಆಲ್ಬುಮಿನ್) ಕಟ್ಟಿ ಕೊಡೋದು, ಅದೂ ಫ್ಯಾಟಿ ಆಸಿಡ್ ತೆಗೆದಿರೋ ಬಿಎಸ್‌ಎನೇ ಆಗ್ಬೇಕು.

51 ಮಿಗ್ರಾಂ ಪಾಮಿಟಿಕ್ ಆಸಿಡ್‌ನ 10 ಎಂಎಲ್ 20 ಮಿಲಿಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ಗೆ ಹಾಕಿ 70 ಡಿಗ್ರಿ ನೀರಲ್ಲಿಟ್ಟು ತಿಳಿ ಆಗೋವರೆಗೆ ಕಲಕಿ. ಇನ್ನೊಂದು ಕಡೆ 10% ಬಿಎಸ್‌ಎ 37 ಡಿಗ್ರಿಗೆ ಬೆಚ್ಚಗಿರ್ಲಿ (ಜಾಸ್ತಿ ಬಿಸಿ ಮಾಡ್ಬೇಡಿ, ಪ್ರೋಟೀನ್ ಕೆಡ್ತದೆ). ಮೂರು ಪಾಲು ಬಿಎಸ್‌ಎಗೆ ಒಂದು ಪಾಲು ಆಸಿಡ್ ಬಿಸಿ ಇದ್ದಾಗ್ಲೇ ಹನಿ ಹನಿಯಾಗಿ ಬಿಡಿ, 5 ಮಿಲಿಮೋಲಾರ್ ಸ್ಟಾಕ್ ಆಗ್ತದೆ. ಟ್ಯೂಬನ್ನ ಬೆಳಕಿಗೆ ಹಿಡಿದು ನೋಡಿ, ಮೋಡ ಕವಿದಂಗೆ ಕಂಡ್ರೆ ಚೆಲ್ಲಿ, ನಾನು ಒಂದ್ಸಲ ಇರ್ಲಿ ಬಿಡು ಅಂತ ಅದನ್ನೇ ಹಾಕಿ ಎರಡು ವಾರದ ಕೆಲ್ಸ ಕಳ್ಕೊಂಡೆ. ಆಮೇಲೆ ಪಿಎಚ್ ನೋಡಿ, ಫಿಲ್ಟರ್ ಮಾಡಿ, ಸಣ್ಣ ಸಣ್ಣ ಟ್ಯೂಬಲ್ಲಿ ಫ್ರೀಜ್ ಮಾಡಿ.

960 ಮೈಕ್ರೋಲೀಟರ್ ಮೀಡಿಯಾಗೆ 40 ಸ್ಟಾಕ್ ಹಾಕಿದ್ರೆ 200 ಮೈಕ್ರೋಮೋಲಾರ್. ಎ549 ಸೆಲ್ಸ್‌ಗೆ (ಲ್ಯಾಬಲ್ಲಿ ಬೆಳೆಸೋ ಶ್ವಾಸಕೋಶದ ಕ್ಯಾನ್ಸರ್ ಸೆಲ್ಸ್) 50 ಮೈಕ್ರೋಮೋಲಾರ್‌ನಿಂದ ಶುರು ಮಾಡಿ ಏರಿಸ್ತಾ ಹೋಗಿ, 24 ಗಂಟೆ ಬಿಟ್ಟು ಎಂಟಿಟಿ (ಎಷ್ಟು ಸೆಲ್ಸ್ ಬದುಕಿವೆ ಅಂತ ನೋಡೋ ಪರೀಕ್ಷೆ) ಮಾಡಿ. ಹೋಲಿಸೋಕೆ ಬರೀ ಬಿಎಸ್‌ಎ ಹಾಕಿದ ವೆಲ್ಸ್ (ಪ್ಲೇಟಿನ ಗುಳಿಗಳು) ಇಲ್ದೆ ಪ್ಲೇಟ್ ಮಾಡ್ಲೇಬೇಡಿ, ಇದನ್ನಂತೂ ದಯವಿಟ್ಟು ನೆನಪಿಟ್ಕೊಳ್ಳಿ.

ಜತೆಗೆ ಓಲಿಕ್ ಆಸಿಡ್‌ನೂ (ಇನ್ನೊಂದು ಫ್ಯಾಟಿ ಆಸಿಡ್) ಇಡಿ. ಪಾಮಿಟಿಕ್ ಜಾಸ್ತಿ ಆದ್ರೆ ಸೆಲ್ ಒಳಗೆ ಇಆರ್ ಸ್ಟ್ರೆಸ್ (ಪ್ರೋಟೀನ್ ತಯಾರಾಗೋ ಭಾಗದ ಮೇಲೆ ಒತ್ತಡ) ಶುರುವಾಗ್ತದೆ, ಓಲಿಕ್ ಜತೆಗಿದ್ರೆ ಹೆಚ್ಚಿನ ಕೊಬ್ಬು ಟ್ರೈಗ್ಲಿಸರೈಡ್ ಆಗಿ ಹನಿಗಳಲ್ಲಿ ಸೇರ್ಕೊಳ್ತದೆ, ಹಾನಿ ಕಮ್ಮಿ. ಕೊಬ್ಬಿಗೆ ಕೆಂಪು ಹತ್ತಿಸೋ ಆಯಿಲ್ ರೆಡ್ ಓ ಬಣ್ಣ ಹಾಕಿ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ನ್ಯೂಕ್ಲಿಯಸ್ ಸುತ್ತ ಕುಂಕುಮ ಉದುರ್ಸಿದಂಗೆ ಕೆಂಪು ಚುಕ್ಕಿ, ಬಹಳ ಚಂದ. ಹಂಗಂತ ಪಾಮಿಟಿಕ್ ವಿಷ ಅಂತ ಬರೀಬೇಡಿ, ಉಸಿರು ಬಿಟ್ಟಾಗ ಶ್ವಾಸಕೋಶದ ಗಾಳಿಚೀಲ ಮುದುಡದಂಗೆ ಕಾಯೋ ಸರ್ಫ್ಯಾಕ್ಟಂಟ್‌ನ ಮುಖ್ಯ ಲಿಪಿಡ್‌ನಲ್ಲೇ ಎರಡು ಪಾಮಿಟಿಕ್ ಕೊಂಡಿ ಇರ್ತದೆ.

ಕಾರವಾರದಲ್ಲಿ ಮನೆಯೋರು ಬಂಗಡೆ ತಿಂದ್ರೆ ಶ್ವಾಸಕೋಶಕ್ಕೆ ಒಳ್ಳೇದಾ ಅಂತ ಕೇಳ್ತಾರೆ, ನಮ್ಮ ಲ್ಯಾಬ್ ಪ್ಲೇಟಲ್ಲಿರೋದು ಕ್ಯಾನ್ಸರ್ ಸೆಲ್ಸ್, ಅದರಿಂದ ಊಟದ ಬಗ್ಗೆ ಹೇಳೋಕಾಗಲ್ಲ ಅಂತ ಹೇಳಿ. ಮೀನಿನೆಣ್ಣೆಯಲ್ಲಿರೋ ಡಿಎಚ್‌ಎ ಅನ್ನೋ ಫ್ಯಾಟಿ ಆಸಿಡ್ ಹಾಕಿ ನೋಡೋದಿದ್ರೆ ಅದು ಗಾಳಿಗೆ ಬೇಗ ಕೆಡ್ತದೆ, ಕತ್ತಲಲ್ಲಿ ನೈಟ್ರೋಜನ್ ತುಂಬಿ ಇಟ್ಟು ತೆರೆದ ಟ್ಯೂಬ್ ಅವತ್ತೇ ಮುಗ್ಸಿ.