“ಕುಡಿತ ಬಿಟ್ಟು ಬಾ” ಅನ್ನೋದನ್ನು ನಾವು ಬಿಟ್ಟ ಮೇಲೆ

ಮಾನಸಿಕ ಕಾಯಿಲೆ, ಕುಡಿತ ಎರಡೂ ಇರುವವರನ್ನು ಒಟ್ಟಿಗೇ ನೋಡುವ ಒಂದು ಚಿಕ್ಕ ಕೇಂದ್ರ ನಡೆಸುತ್ತೇವೆ. ಕಳೆದ ತಿಂಗಳು ಒಬ್ಬ ಹಿರಿಯ ವೈದ್ಯರು ಫೋನ್ ಮಾಡಿದ್ದರು. “ನಮ್ಮ ಇಬ್ಬರು ಹುಡುಗರನ್ನು ಒಂದು ಮಂಗಳವಾರ ನಿಮ್ಮಲ್ಲಿಗೆ ಕಳಿಸ್ತೀನಿ, ಹೇಗೆ ನಡೆಸ್ತೀರಿ ನೋಡಿಕೊಂಡು ಬರಲಿ” ಅಂದರು. ಇದೇ ವೈದ್ಯರು ನಾಲ್ಕು ವರ್ಷದ ಹಿಂದೆ ಒಂದು ಸಭೆಯಲ್ಲಿ, “ಕುಡಿಯೋರಿಗೆ ಮಾತ್ರೆ ಕೊಡೋದೂ ಒಂದೇ, ತೂತು ಕೊಡಕ್ಕೆ ನೀರು ಹುಯ್ಯೋದೂ ಒಂದೇ” ಅಂದಿದ್ದರು. ಫೋನ್ ಇಟ್ಟ ಮೇಲೆ ಎಲ್ಲರಿಗೂ ಇನ್ನೊಂದು ಸಲ ಟೀ ತರಿಸಿದೆ. ಯಾಕೆ ಮುಚ್ಚಿಡಲಿ, ಖುಷಿಯಾಗಿತ್ತು.

ನಾನು ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್, ಅಂದರೆ ಮಾನಸಿಕ ಕಾಯಿಲೆ ಇರುವವರ, ಅವರ ಮನೆಯವರ ಜೊತೆ ಕೆಲಸ ಮಾಡುವವನು. ಚಿತ್ರದುರ್ಗ ಜಿಲ್ಲೆಯ ಶೇಂಗಾ ಸೀಮೆ ನಮ್ಮದು. ಇಲ್ಲಿ ಎಣ್ಣೆ ಅಂದರೆ ಗಾಣದ್ದೂ ಹೌದು, ಬಾಟಲಿಯದ್ದೂ ಹೌದು. ತಲೆಯ ಕಾಯಿಲೆ, ಕುಡಿತ ಎರಡೂ ಇರುವವರ ಪಾಡು ಹೇಳತೀರದು. ವ್ಯಸನಮುಕ್ತಿ ಕೇಂದ್ರಕ್ಕೆ ಹೋದರೆ “ಇದು ಮೆಂಟಲ್ ಕೇಸು” ಅಂತಾರೆ. ಮಾನಸಿಕ ವಿಭಾಗಕ್ಕೆ ಹೋದರೆ “ಮೊದಲು ಕುಡಿತ ಬಿಟ್ಟು ಬಾ” ಅಂತಾರೆ. ಮದ್ಯ, ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಯನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ಕಾಯಿಲೆಯೊಳಗೇ ಸೇರಿಸಿದೆ. ಆದರೆ ಕಾಯ್ದೆ ಓದಿಕೊಂಡು ಯಾರೂ ಬಾಗಿಲು ತೆಗೆಯಲ್ಲ, ಅಲ್ವಾ.

ನನ್ನ ಕಣ್ಣು ತೆರೆಸಿದ್ದು 2020ರ ಲಾಕ್‌ಡೌನ್. ಮಾರ್ಚ್ 25ರಿಂದ ಮೇ 4ರವರೆಗೆ, ಹತ್ತಿರ ಹತ್ತಿರ 40 ದಿನ ವೈನ್ ಶಾಪ್ ಮುಚ್ಚಿದ್ದವು. ನಾವು “ಬಿಟ್ಟು ಬಾ” ಅಂತ ವಾಪಸ್ ಕಳಿಸಿದವರಿಗೆ ಸರ್ಕಾರವೇ ಬಿಡಿಸಿತ್ತು. ಕಳ್ಳ ದಾರಿಯಲ್ಲಿ ತಂದು ಕುಡಿದವರನ್ನು ಬಿಡಿ. ನಿಜವಾಗಿಯೂ ಸಿಗದೆ ಇದ್ದವರ ಮನೆಗೆ ಪಾಸ್ ಮಾಡಿಸಿಕೊಂಡು ಹೋದೆ. ಹದಿನಾಲ್ಕೋ ಹದಿನೈದೋ ಮನೆ. ಒಂದು ತಿಂಗಳು ಹನಿ ಮುಟ್ಟದಿದ್ದರೂ ಐದಾರು ಜನರಿಗೆ ಯಾರೂ ಇಲ್ಲದಾಗಲೂ ಕಿವಿಯಲ್ಲಿ ಮಾತು ಕೇಳೋದು ನಿಂತಿರಲಿಲ್ಲ. ಒಬ್ಬ ಹೇಳಿದ: “ಸಾರ್, ಕುಡಿದರೆ ಅದು ಸ್ವಲ್ಪ ಸಣ್ಣಗೆ ಕೇಳ್ತಿತ್ತು.” ಇಂಥವನಿಗೆ ನಾವು ಬಿಟ್ಟು ಬಾ ಅಂದಿದ್ದೆವು.

ಅದರ ಮುಂದಿನ ವರ್ಷ ಬಸ್ ಸ್ಟ್ಯಾಂಡ್ ಹಿಂದೆ ಒಂದು ರೂಮ್ ಹಿಡಿದೆವು. ನಾನು, ಒಬ್ಬರು ಸಿಸ್ಟರ್, ಮತ್ತೆ ಕುಡಿತ ಬಿಟ್ಟು ಆರು ವರ್ಷವಾಗಿದ್ದ ಒಬ್ಬ ಟೈಲರ್. ನಿಯಮ ಒಂದೇ. ಎರಡು ಕಾಯಿಲೆಗೂ ಅದೇ ದಿನ, ಅದೇ ಬೆಂಚು, ಅದೇ ಜನ. ಕುಡಿದು ಬಂದರೂ ವಾಪಸ್ ಕಳಿಸುವಂತಿಲ್ಲ. ಜಾಸ್ತಿಯಾಗಿದ್ದರೆ ಬಿಪಿ ನೋಡಿ ಮಲಗಿಸೋದು, ನಿದ್ದೆ ಮಾತ್ರೆ ಮಾತ್ರ ಕೊಡಬಾರದು.

ಮೊದಲ ಎಂಟು ತಿಂಗಳು ಬರೀ ಸೋಲು. ಬೋರ್ಡಿನಲ್ಲಿ “ಮಾನಸಿಕ ಆರೋಗ್ಯ” ಅಂತ ಬರೆಸಿದ್ದೆ, ನೊಣವೂ ಬರಲಿಲ್ಲ. “ನಿದ್ದೆ ಬಾರದವರಿಗೆ ಸಲಹೆ” ಅಂತ ಬದಲಾಯಿಸಿದ ವಾರವೇ ಒಂಬತ್ತು ಜನ ಬಂದರು. ಪೇಂಟರ್‌ಗೆ ಎರಡು ಸಲ ದುಡ್ಡು ದಂಡ.

ಆಮೇಲೆ ದಾರಿಯ ತಾಪತ್ರಯ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದ ಮಾನಸಿಕ ಡಾಕ್ಟರ್ ಮಂಗಳವಾರ ತಾಲೂಕು ಆಸ್ಪತ್ರೆಗೆ ಬರುತ್ತಾರೆ. ನಾವು ಬೆಳಗ್ಗೆ 7:30ಕ್ಕೇ ಎಲ್ಲರನ್ನೂ ಕೂರಿಸಿ, ಉಪ್ಪಿಟ್ಟು ಕೊಟ್ಟು, 10:30ಕ್ಕೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆವು. ನಡುವೆ ಒಂದು ವೈನ್ ಶಾಪ್, ಹತ್ತಕ್ಕೇ ಬಾಗಿಲು ತೆರೆದಿರುತ್ತದೆ. ರೂಮಿನಿಂದ 22 ಜನ ಹೊರಟರೆ ಆಸ್ಪತ್ರೆ ಗೇಟಿಗೆ 15 ಜನ. ಹಿಂದಿನ ಗಲ್ಲಿಯಲ್ಲಿ ಕರೆದುಕೊಂಡು ಹೋದೆವು, ಅಲ್ಲೂ ಒಂದು ಇತ್ತು! ಕೊನೆಗೆ ಡಾಕ್ಟರ ಕೈಕಾಲು ಹಿಡಿದು, ಅವರು ಬಸ್ ಇಳಿದ ಕೂಡಲೇ ಮೊದಲು ನಮ್ಮ ರೂಮಿಗೆ ಬರುವ ಹಾಗೆ ಮಾಡಿಕೊಂಡೆ. ಬರೀ ಮುಕ್ಕಾಲು ಗಂಟೆ. ನಮ್ಮ ಕೆಲಸದ ದಿಕ್ಕು ಬದಲಾಗಿದ್ದು ಆ ಮುಕ್ಕಾಲು ಗಂಟೆಯಿಂದ. ವೈನ್ ಶಾಪ್ ಕ್ಯಾಶಿಯರ್ ಹತ್ತಿರವೂ ಒಂದು ಮಾತಾಗಿದೆ. ಅದೇನು ಅಂತ ಇಲ್ಲಿ ಬರೆಯಲ್ಲ, ಅವನ ಕೆಲಸ ಹೋಗುತ್ತದೆ.

ದೊಡ್ಡ ತಪ್ಪೂ ಆಗಿದೆ. ಒಬ್ಬ ಲಾರಿ ಕ್ಲೀನರ್. “ಹೆಂಡ್ತಿ ಸಾರಿಗೆ ವಿಷ ಹಾಕ್ತಾಳೆ” ಅಂತ ಅವನ ಒಂದೇ ದೂರು. ನಾವು ಸಂಶಯದ ಕಾಯಿಲೆ ಅಂತ ಬರೆದುಕೊಂಡು ಅದಕ್ಕೆ ಕೊಡುವ ರಿಸ್ಪೆರಿಡೋನ್ ಮಾತ್ರೆ ಏರಿಸುತ್ತಾ ಹೋದೆವು. ನಾಲ್ಕು ತಿಂಗಳಾದರೂ ಜಗ್ಗಲಿಲ್ಲ. ಒಂದು ದಿನ ಸಿಸ್ಟರ್ ಅವನ ಹೆಂಡತಿಯನ್ನು ಪಕ್ಕಕ್ಕೆ ಕರೆದು, “ಅಕ್ಕ, ನಿಜ ಹೇಳು” ಅಂದರು. ಆಕೆ ಸೆರಗಿನ ಗಂಟು ಬಿಚ್ಚಿ ಕಾಗದದ ಪೊಟ್ಟಣ ತೆಗೆದಳು. ಬಿಳಿ ಪುಡಿ. ಡೈಸಲ್ಫಿರಾಮ್! ಕುಡಿತ ಬಿಡಿಸೋಕೆ ಕೊಡುವ ಮಾತ್ರೆ, ಅದರ ಮೇಲೆ ಕುಡಿದರೆ ಮೈ ಕೆಡುತ್ತದೆ. ಬೇರೆ ಎಲ್ಲೋ ಕೊಟ್ಟು, ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸು ಅಂದಿದ್ದರಂತೆ. ಅವನು ಮುದ್ದೆ ಉಣ್ಣೋದು, ಮೇಲೆ ಕುಡಿಯೋದು, ಮುಖ ಕೆಂಪಾಗಿ ಎದೆ ಹೊಡೆದುಕೊಂಡು ವಾಂತಿ. ಆ ಮಾತ್ರೆ ಕೆಲವರಲ್ಲಿ ಸೈಕೋಸಿಸ್ ಅನ್ನೇ, ಅಂದರೆ ಇಲ್ಲದ್ದನ್ನು ಕೇಳೋ, ನಂಬೋ ಕಾಯಿಲೆಯನ್ನೇ ಕೆದಕಬಹುದು. ಅದಕ್ಕಿಂತ ಹೆಚ್ಚಾಗಿ, ಅವನು ಹೇಳಿದ್ದು ನಿಜವಾಗಿತ್ತು, ನಾವು ನಂಬಲಿಲ್ಲ. ಅವಳ ಕೈಯಲ್ಲೇ ಅವನಿಗೆ ಹೇಳಿಸಿದೆವು. ಎದ್ದು ಹೋದವನು ಎರಡು ತಿಂಗಳು ಈ ಕಡೆ ತಲೆ ಹಾಕಲಿಲ್ಲ. ಟೈಲರ್ ಅವನ ಲಾರಿ ನಿಲ್ಲುವ ಜಾಗಕ್ಕೆ ಸುಮ್ನೆ ಹೋಗಿ ಕೂತು ಬರುತ್ತಿದ್ದ. ಮೂರನೇ ತಿಂಗಳು ಅವನೇ ಬಂದ. ಈಗ ಸೈಕೋಸಿಸ್‌ಗೆ ಕೊಡುವ ಫ್ಲೂಫೆನಜಿನ್ ಇಂಜೆಕ್ಷನ್, ತಿಂಗಳಿಗೊಂದು. ಕುಡಿಯುತ್ತಾನೆ, ತಿಂಗಳಲ್ಲಿ ನಾಲ್ಕೈದು ದಿನ. ಮೊದಲು ಮೂವತ್ತು ದಿನವೂ ಇತ್ತು. ಹೆಂಡತಿ ಬಡಿಸಿದ್ದನ್ನು ಉಣ್ಣುತ್ತಾನೆ. ಅಂದಿನಿಂದ ಹೊಸಬರು ಬಂದರೆ ಮನೆಯವರಿಗೆ ನಾವು ಒಂದು ಪ್ರಶ್ನೆ ಕೇಳೇ ಕೇಳುತ್ತೇವೆ: ಊಟದಲ್ಲಿ ಏನಾದರೂ ಬೆರೆಸುತ್ತಿದ್ದೀರಾ?

ಇನ್ನೊಂದು ಪಾಠ ಅಯ್ಯಪ್ಪ ಮಾಲೆಯಿಂದ. ಕಾರ್ತಿಕದಲ್ಲಿ ನಮ್ಮವರೊಬ್ಬರು ಮಾಲೆ ಹಾಕಿ, ಅವತ್ತೇ ಎಲ್ಲ ನಿಲ್ಲಿಸಿದರು. ಎರಡನೇ ದಿನ ಭಜನೆಯಲ್ಲಿ ಫಿಟ್ಸ್. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಹೀಗಾಗಬಹುದು. ಇನ್ನೊಬ್ಬರು ಬೀಡಿಯನ್ನೂ ಬಿಟ್ಟರು. ಸೈಕೋಸಿಸ್‌ಗೆ ಕೊಡುತ್ತಿದ್ದ ಅದೇ ಓಲಾಂಜಪಿನ್ ಮಾತ್ರೆ, ಅದೇ ಡೋಸು, ಆದರೆ ಪೂಜೆಗೆ ಕೂತಲ್ಲೇ ತೂಕಡಿಕೆ. ಬೀಡಿ ಹೊಗೆ ನಿಂತರೆ ಆ ಔಷಧಿ ರಕ್ತದಲ್ಲಿ ಏರುತ್ತದೆ ಅನ್ನೋದು ಪುಸ್ತಕದಲ್ಲಿತ್ತು, ಕಾರ್ಡಿನಲ್ಲಿ ಬೀಡಿ ಲೆಕ್ಕ ನಾವು ಬರೆದಿರಲಿಲ್ಲ. ಮುಂದಿನ ವರ್ಷ ಗುರುಸ್ವಾಮಿಗಳನ್ನೇ ಹೋಗಿ ಕಂಡೆ. ಮಾಲೆ ಹಾಕುವ ಹತ್ತು ದಿನ ಮೊದಲು ನಮ್ಮಲ್ಲಿಗೆ ಕಳಿಸಿ ಅಂದೆ. 11 ಜನರನ್ನು ಕಳಿಸಿದರು. ಥಯಾಮಿನ್ ಅನ್ನೋ ವಿಟಮಿನ್, ಕುಡಿತ ನಿಂತಾಗಿನ ನಡುಕ, ಫಿಟ್ಸ್ ತಡೆಯುವ ಲಿಬ್ರಿಯಂ ಮಾತ್ರೆ ಕೊಟ್ಟು ಕುಡಿತವನ್ನು ನಿಧಾನವಾಗಿ ಇಳಿಸಿದೆವು. ಒಬ್ಬರಿಗೂ ಫಿಟ್ಸ್ ಬರಲಿಲ್ಲ. ಯುಗಾದಿವರೆಗೂ ಕುಡಿಯದೆ ಉಳಿದವರು ಮೂವರು. ಕಮ್ಮಿ ಅನ್ನಿಸಬಹುದು. ಬೇರೆ ಯಾವ ಶಿಬಿರದಲ್ಲೂ ನಮಗೆ ಅಷ್ಟು ಸಿಕ್ಕಿರಲಿಲ್ಲ.

ವಾಯ್ಸ್ ಮೆಸೇಜ್ ಪ್ರಯೋಗ ಮಾತ್ರ ನೆಗೆದು ಬಿತ್ತು. ಸಂಜೆ ಆರಕ್ಕೆ ಎಲ್ಲರಿಗೂ ಕಳಿಸುತ್ತಿದ್ದೆವು. ಫೋನ್ ಮಗನ ಕೈಯಲ್ಲಿ, ಅಪ್ಪ ಬಾರಿನಲ್ಲಿ.

ಈಗ ದುಡ್ಡಿನ ವಿಚಾರ. ಸಿಸ್ಟರಿಗೆ 14 ಸಾವಿರ, ಟೈಲರಿಗೆ 10 ಸಾವಿರ, ಬಾಡಿಗೆ ಮೂರೂವರೆ, ಪೆಟ್ರೋಲ್ ಆರೇಳು ಸಾವಿರ, ಉಪ್ಪಿಟ್ಟು ಟೀಗೆ ಮೂರು. ಔಷಧಿ ಹೆಚ್ಚು ಕಮ್ಮಿ ಎಲ್ಲಾ ಸರ್ಕಾರದ್ದೇ, ಸ್ಟಾಕ್ ಇಲ್ಲದ ತಿಂಗಳು ಮಾತ್ರ ಎರಡು ಮೂರು ಸಾವಿರ ಕೈಯಿಂದ. ಆಶಾ ಕಾರ್ಯಕರ್ತೆಯರಿಗೆ ಒಂದು ಭೇಟಿಗೆ 50 ರೂಪಾಯಿ. ಇದನ್ನು ಉಳಿಸಲು ಹೋಗಬೇಡಿ. ಅವರ ತಲೆ ಮೇಲೆ ಈಗಾಗಲೇ ಬೇಕಾದಷ್ಟು ರಿಜಿಸ್ಟರ್ ಇವೆ. ಎಲ್ಲಾ ಸೇರಿ ತಿಂಗಳಿಗೆ 42 ಸಾವಿರದ ಆಸುಪಾಸು. ನನ್ನ ಸಂಬಳ ಇದರಲ್ಲಿಲ್ಲ, ಕಾಲೇಜಿನಲ್ಲಿ ಪಾಠ ಮಾಡಿ ನನ್ನ ಹೊಟ್ಟೆ ನಡೆಯುತ್ತದೆ. ಬಿಡದೆ ಬರುವವರು ಸುಮಾರು 90 ಜನ, ತಲೆಗೆ 460, 470 ಬಿತ್ತು. ದಿನಕ್ಕೆ ಎರಡು ಟೆಟ್ರಾ ಪ್ಯಾಕ್ ಕುಡಿಯುವವನು ಕೆಲವೇ ದಿನದಲ್ಲಿ ಇಷ್ಟು ಮುಗಿಸುತ್ತಾನೆ.

ಮೊದಲ ವರ್ಷ ದುಡ್ಡು ಕೊಟ್ಟವರು “ಎಷ್ಟು ಜನ ಪೂರ್ತಿ ಬಿಟ್ಟರು?” ಅಂತ ಒಂದೇ ಕಾಲಮ್ ಕೇಳಿದರು. ಏಳು ಅಂತ ನಿಜ ಬರೆದೆ. ಮರುವರ್ಷ ದುಡ್ಡು ಬರಲಿಲ್ಲ. ಆರು ತಿಂಗಳು ಸಾಲದಲ್ಲಿ ನಡೆಸಿದೆ, ಹೆಂಡತಿಯ ಬಳೆ ಒತ್ತೆ ಹೋಯಿತು. ಈಗ ನಾವು ಎಣಿಸೋದು ಕುಡಿಯದ ದಿನ, ತಪ್ಪದ ಇಂಜೆಕ್ಷನ್, ದಾಖಲಾದ ರಾತ್ರಿ, ಈ ಮೂರೇ. ಆಸ್ಪತ್ರೆಗೆ ದಾಖಲಾಗುವುದು ಮೊದಲಿನ ಮೂರನೇ ಒಂದು ಭಾಗಕ್ಕೆ ಇಳಿದಿದೆ. ಅದನ್ನು ತೋರಿಸಿದ ಮೇಲೆ ಇಬ್ಬರು ಗಾಣದ ಮಾಲೀಕರು ಕೈ ಹಿಡಿದರು. ಅವರ ಹಮಾಲಿಗಳು ಕೆಲಸಕ್ಕೆ ಬರತೊಡಗಿದ್ದರು, ಅದು ಅವರಿಗೂ ಲೆಕ್ಕವೇ. ಬಳೆ ಬಿಡಿಸಿಕೊಂಡಿದ್ದೇನೆ.

ಕಳೆದ ವರ್ಷದಿಂದ ಇನ್ನೂ ಎರಡು ಹೋಬಳಿಗೆ ಹೋಗುತ್ತಿದ್ದೇವೆ. ಒಂದು ಕಡೆ ಚೆನ್ನಾಗಿದೆ. ಇನ್ನೊಂದು ಕಡೆ ಸಂತೆ ದಿನ ಇಟ್ಟು ಕೆಟ್ಟೆವು, ಕೈಯಲ್ಲಿ ದುಡ್ಡಿರುವ ದಿನ ಯಾರು ಬರುತ್ತಾರೆ? ಈಗ ಸಂತೆಯ ಮರುದಿನ ಕೂರುತ್ತೇವೆ, ತಲೆ ಸಿಡಿಯುವ ಹೊತ್ತಿಗೆ.

ಗಾಂಜಾ ಹುಡುಗರಿಗೆ ನಮ್ಮ ದಾರಿ ಇನ್ನೂ ಹೊಂದಿಲ್ಲ. ಹತ್ತೊಂಬತ್ತು ಇಪ್ಪತ್ತರ ವಯಸ್ಸು, ಹನ್ನೊಂದಕ್ಕೆ ಮೊದಲು ಏಳಲ್ಲ, ಉಪ್ಪಿಟ್ಟು ಕಂಡರೆ ಆಗಲ್ಲ. ಸಂಜೆ ವಾಲಿಬಾಲ್ ಆಡುವ ಕಡೆ ನಾನೇ ಹೋಗಿ ಕೂರುತ್ತಿದ್ದೇನೆ. ಆರು ಜನ ಮಾತಾಡುತ್ತಾರೆ, ಇಬ್ಬರು ಮಾತ್ರೆ ತಗೊಳ್ಳುತ್ತಿದ್ದಾರೆ. ಮಿಕ್ಕವರು ನನ್ನನ್ನು ಅಂಪೈರ್ ಅಂದುಕೊಂಡಿದ್ದಾರೆ.