ಕ್ಯೂಎಮು ಸಾಧನದಲ್ಲಿ ದೊಡ್ಡ ಡಿಎಂಎ: ಗೆಸ್ಟ್ ಸ್ತಬ್ಧವಾಗದಂತೆ ಸಾಗಿಸುವುದು ಹೇಗೆ?

ಬ್ಯಾಂಕಿನಲ್ಲಿ ಒಂದೇ ಕೌಂಟರ್ ಇದೆ ಅಂದುಕೊಳ್ಳಿ. ಮುಂದೆ ನಿಂತವರು ಒಂದು ಮೂಟೆ ಚಿಲ್ಲರೆ ತಂದು "ಎಣಿಸಿ ಕೊಡಿ" ಅನ್ನುತ್ತಾರೆ. ಗುಮಾಸ್ತರು ಪಾಪ, ಎಣಿಸಲು ಕೂತೇಬಿಡುತ್ತಾರೆ. ಹಿಂದೆ ಪಾಸ್‌ಬುಕ್ ಎಂಟ್ರಿಗೆ ಬಂದವರೂ ಕಾಯಬೇಕು, ಪೆನ್ಷನ್‌ಗೆ ಬಂದವರೂ ಕಾಯಬೇಕು.

ಕ್ಯೂಎಮು ಅಂದರೆ ಇಡೀ ಕಂಪ್ಯೂಟರನ್ನೇ ಸಾಫ್ಟ್‌ವೇರ್‌ನಲ್ಲಿ ನಕಲು ಮಾಡುವ ಪ್ರೋಗ್ರಾಂ, ಅದರೊಳಗೆ ಓಡುವ ವ್ಯವಸ್ಥೆಯೇ ಗೆಸ್ಟ್. ಸಾಧನ ತಾನೇ ಮೆಮೊರಿಯಿಂದ ಡೇಟಾ ಓದುವುದು, ಬರೆಯುವುದು ಡಿಎಂಎ. ಕ್ಯೂಎಮುಗಾಗಿ ನಾನು ಬರೆದ ಮೊದಲ ಪಿಸಿಐ ಸಾಧನ ಮಾಡಿದ್ದು ಆ ಗುಮಾಸ್ತರ ಕೆಲಸವನ್ನೇ. ಹಾರ್ಡ್‌ವೇರ್ ಇನ್ನೂ ಕೈಗೆ ಬಂದಿರಲಿಲ್ಲ. ಡ್ರೈವರ್ ಬರೆಯುವ ಕೆಲಸ ನಿಲ್ಲಬಾರದು ಅಂತ ಅದರ ನಕಲನ್ನು ಸಾಫ್ಟ್‌ವೇರ್‌ನಲ್ಲಿ ಕಟ್ಟುತ್ತಿದ್ದೆ. 4 ಕೆಬಿ ಕಳಿಸಿದರೆ ಸರಿಯಾಗಿ ಓಡುತ್ತಿತ್ತು. 512 ಎಂಬಿ ಕಳಿಸಿದೆ. ಗೆಸ್ಟ್‌ನ ಪರದೆ ತೋರಿಸುವ ವಿಎನ್‌ಸಿ ಕಿಟಕಿಯಲ್ಲಿ ಮೌಸ್ ನಿಂತಿತು. ಮಾನಿಟರ್‌ನಲ್ಲಿ (ಕ್ಯೂಎಮುಗೆ ಆಜ್ಞೆ ಕೊಡುವ ಕಿಟಕಿ) ಟೈಪ್ ಮಾಡಿದ ಆಜ್ಞೆಗೆ ಉತ್ತರವೇ ಇಲ್ಲ. ಲ್ಯಾಪ್‌ಟಾಪಿನಲ್ಲಿ ರ್‍ಯಾಮ್ ಕಡಿಮೆ, ಗೆಸ್ಟ್‌ನ ಅರ್ಧ ಮೆಮೊರಿ ಸ್ವಾಪ್‌ಗೆ ಹೋಗಿತ್ತು. ಕೊನೆಗೂ ಗೆಸ್ಟ್ ಉಸಿರಾಡಿದಾಗ ಲಿನಕ್ಸ್ ಕರ್ನಲ್ ಬೈದಿತ್ತು: "ಸಾಫ್ಟ್ ಲಾಕಪ್, ಸಿಪಿಯು#0 ಸ್ಟಕ್ ಫಾರ್ 22ಎಸ್". ಒಂದು ಸಿಪಿಯು 20 ಸೆಕೆಂಡಿಗಿಂತ ಜಾಸ್ತಿ ಅಲುಗಾಡದಿದ್ದರೆ ಲಿನಕ್ಸ್ ಕೊಡುವ ಎಚ್ಚರಿಕೆ ಅದು.

ಇದನ್ನು ಹೇಗೆ ಸರಿಮಾಡುವುದು, ನೋಡೋಣ. ಸಿ ಭಾಷೆ ಮತ್ತು ಕ್ಯೂಎಮು ಸಾಧನದ ಕೋಡ್ ಸ್ವಲ್ಪ ನೋಡಿದ್ದರೆ ಸಾಕು.

ಮೊದಲು, ನಿಲ್ಲುವುದು ಎಲ್ಲಿ?

ಗೆಸ್ಟ್‌ನ ಡ್ರೈವರ್ ನಿಮ್ಮ ಸಾಧನದ ಆಜ್ಞೆ ರಿಜಿಸ್ಟರ್‌ಗೆ "ಶುರು ಮಾಡು" ಅಂತ ಬರೆಯುತ್ತದೆ. ಆ ಕ್ಷಣ ಆ ವರ್ಚುವಲ್ ಸಿಪಿಯು ಕೆವಿಎಂನಿಂದ (ಗೆಸ್ಟ್‌ನ ಕೋಡನ್ನು ನೇರವಾಗಿ ಸಿಪಿಯು ಮೇಲೆ ಓಡಿಸುವ ಲಿನಕ್ಸ್ ಭಾಗ) ಹೊರಬಂದು ಕ್ಯೂಎಮು ಒಳಗೆ ಬರುತ್ತದೆ. ಬಂದದ್ದೇ ಬಿಕ್ಯೂಎಲ್ (ಬಿಗ್ ಕ್ಯೂಎಮು ಲಾಕ್) ಎಂಬ ದೊಡ್ಡ ಬೀಗ ಹಿಡಿಯುತ್ತದೆ. ಆಮೇಲೆ ನಿಮ್ಮ ರೈಟ್ ಕಾಲ್‌ಬ್ಯಾಕ್ ಓಡುತ್ತದೆ. ಅದರೊಳಗೆ ನೀವು ಪಿಸಿಐ_ಡಿಎಂಎ_ರೀಡ್ ಕರೆದು 512 ಎಂಬಿ ಕೇಳಿದರೆ, ಅದು ಪೂರ್ತಿ ಕಾಪಿ ಆಗುವವರೆಗೂ ಬೀಗ ನಿಮ್ಮ ಕೈಯಲ್ಲೇ.

ಮೇನ್ ಲೂಪ್‌ಗೂ ಅದೇ ಬೀಗ ಬೇಕು. ವಿಎನ್‌ಸಿ, ಮಾನಿಟರ್, ಟೈಮರ್, ನೆಟ್‌ವರ್ಕ್ ಎಲ್ಲ ಸಾಮಾನ್ಯವಾಗಿ ಅಲ್ಲೇ ನಡೆಯುವುದು. ಬೇರೆ ವರ್ಚುವಲ್ ಸಿಪಿಯುಗಳು ತಮ್ಮ ಪಾಡಿಗೆ ಕೋಡ್ ಓಡಿಸುತ್ತಿರುತ್ತವೆ, ನಿಜ. ಆದರೆ ಯಾವುದಾದರೂ ಸಾಧನದ ರಿಜಿಸ್ಟರ್ ಮುಟ್ಟಲು ಕ್ಯೂಎಮುಗೆ ಬಂದವೋ, ಅವೂ ಸಾಲಿನಲ್ಲಿ ನಿಲ್ಲುತ್ತವೆ. ಅಂದಹಾಗೆ, ಹಳೆಯ ಕೋಡ್‌ನಲ್ಲಿ ಇದೇ ಬೀಗದ ಫಂಕ್ಷನ್‌ಗಳಿಗೆ ಐಒಥ್ರೆಡ್ ಅನ್ನುವ ಹೆಸರಿತ್ತು. 2024ರ 9.0 ಆವೃತ್ತಿಯಿಂದ ಬಿಕ್ಯೂಎಲ್_ಲಾಕ್ ಅಂತಾಗಿದೆ. ಐಒಥ್ರೆಡ್ ಅನ್ನುವುದು ಬೇರೆಯೇ ವಸ್ತು. ಹಳೆಯ ಪಾಠ ಓದುವಾಗ ಗಲಿಬಿಲಿ ಆಗಬೇಡಿ.

ಒಂದು ಅಂದಾಜು ಲೆಕ್ಕ. ಸೆಕೆಂಡಿಗೆ 5 ಜಿಬಿ ವೇಗದಲ್ಲಿ ಕಾಪಿ ಆಗುತ್ತದೆ ಅಂದರೂ 512 ಎಂಬಿಗೆ ಸುಮಾರು 100 ಮಿಲಿಸೆಕೆಂಡ್ ಬೇಕು. ಅಷ್ಟೇ ತಾನೇ ಅನ್ನಿಸಬಹುದು. ಆದರೆ ಗೆಸ್ಟ್‌ನ ಮೆಮೊರಿ ಸ್ವಾಪ್‌ನಲ್ಲಿದ್ದರೆ, ಅಥವಾ ಪೋಸ್ಟ್‌ಕಾಪಿ ಮೈಗ್ರೇಷನ್ (ಗೆಸ್ಟ್ ಅನ್ನು ಬೇರೆ ಯಂತ್ರಕ್ಕೆ ಮೊದಲು ಸಾಗಿಸಿ, ಮೆಮೊರಿಯನ್ನು ಆಮೇಲೆ ತರುವುದು) ನಡೆದು ಪುಟಗಳು ಇನ್ನೂ ನೆಟ್‌ವರ್ಕ್‌ನಲ್ಲಿ ಬರುತ್ತಿದ್ದರೆ, 100 ಮಿಲಿಸೆಕೆಂಡ್ ಹೋಗಿ ಹತ್ತಾರು ಸೆಕೆಂಡ್ ಆಗುತ್ತದೆ. ಎಷ್ಟು ಹೊತ್ತು ಅನ್ನುವುದು ನಿಮ್ಮ ಕೈಯಲ್ಲಿಲ್ಲ.

ಕಾಲ್‌ಬ್ಯಾಕ್‌ನಲ್ಲಿ ಟೋಕನ್ ಕೊಟ್ಟು ಕಳಿಸಿ

ನಿಜವಾದ ಕಾರ್ಡ್ ಆದರೆ ಏನು ಮಾಡುತ್ತಿತ್ತು? ಆಜ್ಞೆ ಬಂದ ತಕ್ಷಣ "ಆಯ್ತು" ಅಂದು ಸಿಪಿಯುವನ್ನು ಬಿಟ್ಟುಬಿಡುತ್ತಿತ್ತು. ಸಾಗಣೆ ತನ್ನ ಪಾಡಿಗೆ ನಡೆಯುತ್ತಿತ್ತು. ಮುಗಿದ ಮೇಲೆ ಇಂಟರಪ್ಟ್. ನೀವೂ ಅದನ್ನೇ ಮಾಡಿ.

ಕಾಲ್‌ಬ್ಯಾಕ್‌ನಲ್ಲಿ ನಾಲ್ಕೇ ಕೆಲಸ. ಈಗಾಗಲೇ ಬಿಜಿ ಬಿಟ್ ("ಕೆಲಸ ನಡೆಯುತ್ತಿದೆ" ಎಂಬ ಗುರುತು) ಇದ್ದರೆ ಬರಹವನ್ನು ತಳ್ಳಿಹಾಕಿ. ಇಲ್ಲದಿದ್ದರೆ ಎಲ್ಲಿಂದ, ಎಲ್ಲಿಗೆ, ಎಷ್ಟು ಅನ್ನುವುದನ್ನು ಸಾಧನದ ಸ್ಟ್ರಕ್ಟ್‌ಗೆ ಕಾಪಿ ಮಾಡಿಕೊಳ್ಳಿ. ಬಿಜಿ ಬಿಟ್ ಹಾಕಿ. ಟೈಮರ್ ಹೂಡಿ ವಾಪಸ್ ಬನ್ನಿ.

ಈ ಹಂತದಲ್ಲೇ ಅಳತೆ ಪರೀಕ್ಷೆಯೂ ಆಗಬೇಕು. ಗೆಸ್ಟ್ ಕೊಟ್ಟ ಸಂಖ್ಯೆಯನ್ನು ಯಾವತ್ತೂ ನಂಬಬೇಡಿ. 2015ರಲ್ಲಿ ಸುದ್ದಿಯಾದ ವೆನಮ್ ದೋಷ ನೆನಪಿದೆಯಾ? ಕ್ಯೂಎಮುವಿನ ಫ್ಲಾಪಿ ಕಂಟ್ರೋಲರ್, ಗೆಸ್ಟ್ ಕಳಿಸಿದ ಬೈಟ್‌ಗಳನ್ನು ಬಫರ್‌ನ ಗಡಿ ನೋಡದೆ ತುಂಬಿಕೊಳ್ಳುತ್ತಿತ್ತು. ಫ್ಲಾಪಿಯನ್ನು ಯಾರೂ ಬಳಸದ ಕಾಲದಲ್ಲಿ ಅದೇ ದೊಡ್ಡ ತೂತಾಯಿತು. ಪರೀಕ್ಷೆ ಬರೆಯುವಾಗ "ವಿಳಾಸ + ಉದ್ದ > ಗಡಿ" ಅಂತ ಬರೆಯಬೇಡಿ, ಕೂಡಿದರೆ ಸಂಖ್ಯೆ ಸುತ್ತಿ ಸೊನ್ನೆಯ ಹತ್ತಿರ ಬಂದುಬಿಡಬಹುದು. ಮೊದಲು ವಿಳಾಸ ಗಡಿಯೊಳಗಿದೆಯೇ ನೋಡಿ, ಆಮೇಲೆ ಉದ್ದವನ್ನು "ಗಡಿ − ವಿಳಾಸ"ಕ್ಕೆ ಹೋಲಿಸಿ.

ಈ ಕ್ರಮದ ಚಿಕ್ಕ ಮಾದರಿ ಬೇಕಿದ್ದರೆ ಕ್ಯೂಎಮು ಜೊತೆಗೇ ಬರುವ ಎಡು ಸಾಧನದ ಕೋಡ್ ತೆರೆಯಿರಿ. ಚೆಕ್ ದೇಶದ ಮಸಾರಿಕ್ ವಿಶ್ವವಿದ್ಯಾಲಯದ ಲಿನಕ್ಸ್ ಕರ್ನಲ್ ಪಾಠಗಳಿಗಾಗಿ ಹುಟ್ಟಿದ ಸಾಧನ ಅದು. ಆಜ್ಞೆ ಬಂದರೆ 100 ಮಿಲಿಸೆಕೆಂಡಿನ ಟೈಮರ್ ಇಡುತ್ತದೆ, ಕಾಪಿ ನಡೆಯುವುದು ಟೈಮರ್ ಹೊಡೆದಾಗ. ಆದರೆ ಅದರ ಬಫರ್ ಬರೀ 4096 ಬೈಟ್. ಹಾಗಾಗಿ ಒಂದೇ ಏಟಿಗೆ ಮುಗಿಸಿದರೂ ನಡೆಯುತ್ತದೆ. ನಮಗೆ ಮುಂದಿನ ಹಂತವೂ ಬೇಕು.

ತುಂಡು ಮಾಡಿ, ಮತ್ತು ಎಲ್ಲಿವರೆಗೆ ಬಂತು ಅಂತ ಬರೆದಿಡಿ

ಟೈಮರ್ ಫಂಕ್ಷನ್ ಒಳಗೆ ಲೂಪ್ ಹಾಕಿ ಎಲ್ಲವನ್ನೂ ಸಾಗಿಸಿದರೆ ಬಂದ ಭಾಗ್ಯ ಏನೂ ಇಲ್ಲ. ನಿಲ್ಲುವ ಜಾಗ ಬದಲಾಯಿತು ಅಷ್ಟೆ. ಪ್ರತಿ ಸಲ ಒಂದು ತುಂಡು ಮಾತ್ರ:

ತುಂಡು = ಉಳಿದದ್ದು, 1 ಎಂಬಿ, ಇವೆರಡರಲ್ಲಿ ಚಿಕ್ಕದು.
ಅಷ್ಟನ್ನು ಕಾಪಿ ಮಾಡು. ತಪ್ಪು ಬಂದರೆ ಎರರ್ ಬಿಟ್ ಹಾಕಿ, ಬಿಜಿ ಬಿಟ್ ತೆಗೆದು, ಇಂಟರಪ್ಟ್ ಎತ್ತಿ ಮುಗಿಸು.
ಎರಡೂ ವಿಳಾಸಕ್ಕೆ ತುಂಡು ಕೂಡು, ಉಳಿದದ್ದರಿಂದ ಕಳೆ.
ಇನ್ನೂ ಉಳಿದಿದ್ದರೆ 1 ಮಿಲಿಸೆಕೆಂಡಿಗೆ ಟೈಮರ್ ಮತ್ತೆ ಹೂಡು.
ಉಳಿದಿಲ್ಲದಿದ್ದರೆ ಬಿಜಿ ಬಿಟ್ ತೆಗೆ, ಆಮೇಲೆ ಇಂಟರಪ್ಟ್ ಎತ್ತು.

ಕೊನೆಯ ಸಾಲಿನ ಕ್ರಮ ಹಿಂದುಮುಂದು ಮಾಡಬೇಡಿ. ಎರಡನೇ ಸಾಲನ್ನು ಬಿಡುವವರು ಬಹಳ. ಡಿಎಂಎ ಫಂಕ್ಷನ್ ಕೊಡುವ ಫಲಿತಾಂಶ ನೋಡದೇ ಹೋದರೆ, ಇಲ್ಲದ ವಿಳಾಸಕ್ಕೆ ಕಳಿಸಿದ ಗೆಸ್ಟ್‌ಗೂ "ಎಲ್ಲ ಸರಿ" ಅಂದಂತಾಗುತ್ತದೆ.

5 ಜಿಬಿ ವೇಗದಲ್ಲಿ 1 ಎಂಬಿಗೆ 0.2 ಮಿಲಿಸೆಕೆಂಡ್. ಅಂದರೆ ಪ್ರತಿ ಮಿಲಿಸೆಕೆಂಡಿನಲ್ಲಿ ಐದನೇ ಒಂದು ಭಾಗ ಬೀಗ ನಿಮ್ಮದು, ಉಳಿದದ್ದು ಬೇರೆಯವರದು. 512 ಎಂಬಿ ಮುಗಿಯಲು ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬೇಕು. ಮೊದಲಿನ 100 ಮಿಲಿಸೆಕೆಂಡಿಗಿಂತ ನಿಧಾನ ಅಲ್ವಾ? ಹೌದು. ಆದರೆ ಸೆಕೆಂಡಿಗೆ ಸುಮಾರು 1 ಜಿಬಿ ಅಂದರೆ ಮೊದಲ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್ 4 ಲೇನ್ ಕಾರ್ಡ್‌ನ ವೇಗ. ನಕಲು ಸಾಧನಕ್ಕೆ ಇದಕ್ಕಿಂತ ಅವಸರ ಯಾಕೆ? ಸ್ವಾಪ್ ಇರುವ ಯಂತ್ರದಲ್ಲಿ ತುಂಡನ್ನು 256 ಕೆಬಿಗೆ ಇಳಿಸಿ.

ಬಾಟಮ್ ಹಾಫ್ ಬೇಡವೇ?

ಕ್ಯೂಎಮು ಬಲ್ಲವರು ಇಲ್ಲಿ ಕೇಳುತ್ತಾರೆ: ಟೈಮರ್ ಯಾಕೆ, ಬಾಟಮ್ ಹಾಫ್ (ಮೇನ್ ಲೂಪ್ ಆಮೇಲೆ ಓಡಿಸಲಿ ಅಂತ ಸಾಲಿಗೆ ಹಾಕುವ ಫಂಕ್ಷನ್) ಸಾಕಲ್ವಾ? ನಾನೂ ಮೊದಲು ಅದನ್ನೇ ಬಳಸಿದೆ. ಒಂದು ತುಂಡು ಸಾಗಿಸಿ ತನ್ನನ್ನೇ ಮತ್ತೆ ಸಾಲಿಗೆ ಹಾಕಿಕೊಳ್ಳುವ ಬಾಟಮ್ ಹಾಫ್. ಮೇನ್ ಲೂಪ್ ಪ್ರತಿ ಸುತ್ತಿನಲ್ಲಿ ಬೇರೆ ಕೆಲಸವನ್ನೂ ನೋಡುತ್ತದೆ, ಆದ್ದರಿಂದ ವಿಎನ್‌ಸಿ ಅಲುಗಾಡಿತು. ಖುಷಿಯಾಯಿತು.

ಎರಡು ತೊಂದರೆ ಆಮೇಲೆ ಕಂಡವು. ಒಂದು, ಬಿಡುವೇ ಇಲ್ಲದ ಬಾಟಮ್ ಹಾಫ್ ಹೋಸ್ಟ್‌ನ ಒಂದು ಕೋರ್ ಅನ್ನು ಪೂರ್ತಿ ತಿನ್ನುತ್ತದೆ. ಬೀಗ ಬಿಟ್ಟ ಮರುಕ್ಷಣ ಮತ್ತೆ ಹಿಡಿಯುವುದರಿಂದ ಕಾಯುತ್ತಿರುವ ಸಿಪಿಯುಗೆ ಸರದಿ ಸಿಗುವುದೇ ಅದೃಷ್ಟ. ಎರಡನೆಯದು ಇನ್ನೂ ಕೆಟ್ಟದ್ದು. ಮಾನಿಟರ್‌ನಲ್ಲಿ "ಸ್ಟಾಪ್" ಕೊಟ್ಟು ಗೆಸ್ಟ್ ನಿಲ್ಲಿಸಿದೆ. ಸಿಪಿಯುಗಳು ನಿಂತವು. ನನ್ನ ಬಾಟಮ್ ಹಾಫ್ ನಿಲ್ಲಲಿಲ್ಲ! ನಿಂತ ಗೆಸ್ಟ್‌ನ ಮೆಮೊರಿಗೆ ಸುಮ್ನೆ ಬರೆಯುತ್ತಲೇ ಇತ್ತು. ಅದೇ ಹೊತ್ತಿಗೆ ಮೈಗ್ರೇಷನ್ ನಡೆದಿದ್ದರೆ ಅತ್ತ ಕಡೆ ಹೋದ ಪ್ರತಿಯಲ್ಲಿ ಏನಿರುತ್ತಿತ್ತೋ ದೇವರೇ ಬಲ್ಲ.

ಕ್ಯೂಎಮುವಿನ ವರ್ಚುವಲ್ ಗಡಿಯಾರ ಗೆಸ್ಟ್ ನಿಂತರೆ ತಾನೂ ನಿಲ್ಲುತ್ತದೆ. ಅದರ ಮೇಲೆ ಹೂಡಿದ ಟೈಮರ್ ಕೂಡ ಹೊಡೆಯುವುದಿಲ್ಲ. ಅದಕ್ಕೇ ಟೈಮರ್. ರಿಯಲ್‌ಟೈಮ್ ಗಡಿಯಾರ ಆರಿಸಿಕೊಂಡರೆ ಈ ಲಾಭ ಇಲ್ಲ.

ಟೈಮರ್ ಇದ್ದರೂ ಇನ್ನೊಂದು ಅಪಾಯ ಉಳಿಯುತ್ತದೆ. ಗೆಸ್ಟ್ ಕೊಟ್ಟ ವಿಳಾಸ ನಿಮ್ಮದೇ ಸಾಧನದ ರಿಜಿಸ್ಟರ್ ಅನ್ನೇ ತೋರಿಸುತ್ತಿದ್ದರೆ? ಡಿಎಂಎ ಬರೆದದ್ದು ತಿರುಗಿ ನಿಮ್ಮ ಕಾಲ್‌ಬ್ಯಾಕ್ ಅನ್ನೇ ಕರೆಯುತ್ತದೆ. ಕ್ಯೂಎಮುವಿನ ಹಲವು ಸಾಧನಗಳು ಹೀಗೆ ಕುಸಿದಿವೆ. 2023ರಲ್ಲಿ ಇದಕ್ಕೊಂದು ಸಾಮಾನ್ಯ ಕಾವಲು ಸೇರಿತು. ಆದರೂ ಬಿಜಿ ಇದ್ದಾಗ ಬರಹ ತಳ್ಳಿಹಾಕುವ ಆ ಒಂದು ಸಾಲು ನಿಮ್ಮ ಕೋಡ್‌ನಲ್ಲೂ ಇರಲಿ.

ಬೇರೆ ಥ್ರೆಡ್‌ಗೆ ಕೊಡುವುದಾದರೆ

ಕಾಪಿಯ ಜೊತೆ ಗೂಢಲಿಪಿ, ಕಂಪ್ರೆಷನ್‌ನಂಥ ಭಾರದ ಲೆಕ್ಕವೂ ಇದ್ದರೆ ತುಂಡು ಮಾಡಿದರೂ ಸಾಲದು. ಆಗ ವರ್ಕರ್ ಥ್ರೆಡ್ ಬೇಕು. ಕ್ಯೂಎಮುವಿನ ಥ್ರೆಡ್ ಪೂಲ್‌ಗೆ ಕೆಲಸ ಕೊಟ್ಟರೆ, ಮುಗಿದಾಗ ನಿಮ್ಮ ಕಾಲ್‌ಬ್ಯಾಕ್ ಅನ್ನು ಮೇನ್ ಲೂಪ್‌ನಲ್ಲೇ ಕರೆಯುತ್ತದೆ. ರಿಜಿಸ್ಟರ್, ಇಂಟರಪ್ಟ್ ಎಲ್ಲವನ್ನೂ ಅಲ್ಲಿ ಮಾತ್ರ ಮುಟ್ಟಿ.

ಇಲ್ಲೊಂದು ಗುಂಡಿ ಇದೆ. ವರ್ಕರ್ ಗೆಸ್ಟ್‌ನ ರ್‍ಯಾಮ್ ಓದುವಾಗ ದೊಡ್ಡ ಬೀಗ ಬೇಕಿಲ್ಲ. ಆದರೆ ವಿಳಾಸ ಬೇರೆ ಸಾಧನದ ರಿಜಿಸ್ಟರ್ ಆಗಿದ್ದರೆ ಕ್ಯೂಎಮು ತಾನೇ ಬೀಗ ಹಿಡಿಯಲು ಹೋಗುತ್ತದೆ. ಅದೇ ಹೊತ್ತಿಗೆ ರಿಸೆಟ್ ಬಂತು ಅನ್ನಿ. ರಿಸೆಟ್ ಫಂಕ್ಷನ್ ಬೀಗ ಹಿಡಿದುಕೊಂಡು "ವರ್ಕರ್ ಮುಗಿಸಲಿ" ಅಂತ ಕಾಯುತ್ತದೆ. ವರ್ಕರ್ "ಬೀಗ ಸಿಗಲಿ" ಅಂತ ಕಾಯುತ್ತದೆ. ಇಬ್ಬರೂ ಅಲ್ಲೇ. ಆದ್ದರಿಂದ ಗೆಸ್ಟ್ ಮೆಮೊರಿಯನ್ನು ಮೇನ್ ಲೂಪ್‌ನಲ್ಲೇ ತುಂಡು ತುಂಡಾಗಿ ನಿಮ್ಮ ಬಫರ್‌ಗೆ ತಂದು, ಆ ಬಫರ್ ಅನ್ನಷ್ಟೇ ವರ್ಕರ್‌ಗೆ ಕೊಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಕಾಪಿಯೇ ಬೇಡ, ಗೆಸ್ಟ್ ಮೆಮೊರಿಯನ್ನು ಮ್ಯಾಪ್ ಮಾಡಿಕೊಳ್ಳೋಣ ಅನ್ನುವವರಿಗೆ ಒಂದೇ ಮಾತು: ಮ್ಯಾಪ್ ಫಂಕ್ಷನ್ ನೀವು ಕೇಳಿದ್ದಕ್ಕಿಂತ ಕಡಿಮೆ ಉದ್ದ ಕೊಡಬಹುದು, ಕೆಲವೊಮ್ಮೆ ಏನೂ ಕೊಡದೆಯೂ ಇರಬಹುದು. ಕೊಟ್ಟ ಉದ್ದ ನೋಡಿಯೇ ಮುಂದುವರಿಯಿರಿ.

ರಿಸೆಟ್, ಮೈಗ್ರೇಷನ್, ಆಮೇಲೆ ಪರೀಕ್ಷೆ

ಪ್ರಗತಿಯೆಲ್ಲ ಸ್ಟ್ರಕ್ಟ್‌ನಲ್ಲಿದೆ ಅಲ್ವಾ, ಈಗ ಅದರ ಲಾಭ ನೋಡಿ. ರಿಸೆಟ್ ಬಂದರೆ ಟೈಮರ್ ತೆಗೆದು, ಬಿಜಿ ಬಿಟ್ ತೆಗೆದು, ಉಳಿದದ್ದನ್ನು ಸೊನ್ನೆ ಮಾಡಿದರೆ ಮುಗಿಯಿತು. ಮೈಗ್ರೇಷನ್‌ಗೆ ಎರಡು ವಿಳಾಸ, ಉಳಿದ ಉದ್ದ, ಬಿಜಿ ಬಿಟ್, ಟೈಮರ್, ಜೊತೆಗೆ ಸಾಧನದೊಳಗಿನ ಬಫರ್, ಇಷ್ಟನ್ನು ವಿಎಂಸ್ಟೇಟ್ ಪಟ್ಟಿಗೆ (ಮೈಗ್ರೇಷನ್‌ನಲ್ಲಿ ಸಾಧನದ ಯಾವ ಸ್ಥಿತಿ ಸಾಗಬೇಕು ಅನ್ನುವ ಪಟ್ಟಿ) ಸೇರಿಸಿ. ಸಾಗಣೆ ಅರ್ಧದಲ್ಲಿದ್ದರೂ ಅತ್ತ ಕಡೆ ಹೋಗಿ ಅಲ್ಲಿಂದಲೇ ಮುಂದುವರಿಯುತ್ತದೆ. ಸ್ಥಳೀಯ ವೇರಿಯಬಲ್‌ನಲ್ಲಿ ಇಟ್ಟಿದ್ದರೆ ಇದು ಆಗುತ್ತಲೇ ಇರಲಿಲ್ಲ.

ಪರೀಕ್ಷೆಗೆ ಕ್ಯೂಎಮುವಿನದೇ ಪರೀಕ್ಷಾ ಚೌಕಟ್ಟಾದ ಕ್ಯೂಟೆಸ್ಟ್ ಚೆನ್ನಾಗಿದೆ. ಅದರಲ್ಲಿ ವರ್ಚುವಲ್ ಗಡಿಯಾರವನ್ನು ನೀವೇ ಹೆಜ್ಜೆ ಹೆಜ್ಜೆಯಾಗಿ ಮುಂದೂಡಬಹುದು. ಸೊನ್ನೆ ಬೈಟ್, 1 ಬೈಟ್, ಸರಿಯಾಗಿ 1 ಎಂಬಿ, 1 ಎಂಬಿಗೆ ಒಂದು ಬೈಟ್ ಜಾಸ್ತಿ, ಒಂದು ಕಡಿಮೆ, ಇಷ್ಟೂ ಕಳಿಸಿ. ಮೂರನೇ ತುಂಡಿನ ಮೇಲೆ ರಿಸೆಟ್ ಕೊಡಿ. ಆಮೇಲೆ ಗಡಿಯಾರ ಎಷ್ಟು ಮುಂದೂಡಿದರೂ ಒಂದು ಬೈಟ್ ಕೂಡ ಬದಲಾಗಬಾರದು.

ಇಷ್ಟೆಲ್ಲ ಮಾಡಿ 512 ಎಂಬಿ ಮತ್ತೆ ಕಳಿಸಿದೆ. ಮೌಸ್ ಓಡಾಡುತ್ತಿತ್ತು, ಮಾನಿಟರ್ ಉತ್ತರಿಸುತ್ತಿತ್ತು. ಆದರೆ ಗೆಸ್ಟ್‌ನಲ್ಲಿ ಡ್ರೈವರ್‌ಗೆ ಸಿಕ್ಕಿದ ಡೇಟಾ ಎಲ್ಲ ಕಸ. ಎರಡು ತಾಸು ಸಾಧನದ ಕೋಡ್ ಕೆದಕಿದ ಮೇಲೆ ಗೊತ್ತಾಯಿತು, ತಪ್ಪು ಅಲ್ಲಿರಲಿಲ್ಲ. ನನ್ನ ಡ್ರೈವರ್ ಆಜ್ಞೆ ಬರೆದ ಮರುಸಾಲಿನಲ್ಲೇ ಬಫರ್ ಓದುತ್ತಿತ್ತು. ಇಂಟರಪ್ಟ್‌ಗೆ ಕಾಯುವ ಸಾಲನ್ನೇ ನಾನು ಬರೆದಿರಲಿಲ್ಲ. ಹಳೆಯ ಸಾಧನ ರೈಟ್ ಮುಗಿಯುವಷ್ಟರಲ್ಲಿ ಎಲ್ಲವನ್ನೂ ಸಾಗಿಸಿಬಿಡುತ್ತಿದ್ದರಿಂದ ಅಲ್ಲಿವರೆಗೆ ಅದು ಗೊತ್ತೇ ಆಗಿರಲಿಲ್ಲ.